ಪಾಪ್-ಅಪ್ ಕ್ಯಾಂಪರ್ ಎಲ್ಲಿ ತಾಗ್ತದ, ಯಾಕ ತಾಗ್ತದ: ಟೇಪ್ ಹಿಡಿದು ಹುಡುಕೋ ದಾರಿ

ಪಿಕಪ್ ಹಿಂದ ಪಾಪ್-ಅಪ್ ಕ್ಯಾಂಪರ್, ಅಂದ್ರ ರೂಫ್ ಮ್ಯಾಲಕ್ಕ ಏಳೋ, ಒಳಗ ಮಲಗೋಕ ಬರೋ ಡಬ್ಬಿ, ಕೂಡಿಸಿದವರ ಕಂಪ್ಲೇಂಟ್ ಬಹಳಷ್ಟು ಒಂದೇ ನಮೂನಿ ಇರ್ತದ. ಮನಿ ಮುಂದ ನಿಂತಾಗ ಎಲ್ಲಾ ಬರೋಬ್ಬರಿ, ಕ್ಯಾಬಿನ್ ಮ್ಯಾಲ ಎರಡು ಬೆರಳು ಗ್ಯಾಪ್ ಕಾಣ್ತದ, ಕಲಬುರಗಿ ಬಿಟ್ಟು ಹುಮನಾಬಾದ್ ರೋಡ್ ಹಿಡಿದು ಕಮಲಾಪುರ ಬರೂತನ ಏನೂ ಸಪ್ಪಳ ಇಲ್ಲ, ಅಲ್ಲಿಂದ ಯಾವದರೆ ಹಳ್ಳಿ ರೋಡಿಗೆ ಇಳಿದ್ರ ಸಾಕು ತಲಿ ಮ್ಯಾಲ ಕಟ್ ಕಟ್ ಅಂತ ಶುರುವಾಗ್ತದ, ಗಾಡಿ ನಿಲ್ಲಿಸಿ ಇಳಿದು ನೋಡಿದ್ರ ಮತ್ತ ಅದೇ ಎರಡು ಬೆರಳು ಗ್ಯಾಪ್. ಹಂಗಾಗಿ ಮಂದಿ ಸಂದ್ಯಾಗ ಹಳೇ ಟೈರಿನ ತುಂಡು ತುರುಕಿ ಕೆಲಸ ಮುಗೀತು ಅಂತಾರ. ಅದು ರಿಪೇರಿ ಅಲ್ಲ. ಕ್ಯಾಂಪರಿನ ಮೂಗಿನ (ಕ್ಯಾಬಿನ್ ಮ್ಯಾಲ ಚಾಚಿದ ಮುಂದಿನ ಭಾಗದ) ಭಾರ ಆ ರಬ್ಬರ್ ಹಾದು ಸೀದಾ ಕ್ಯಾಬಿನ್ ರೂಫಿಗೆ ಬೀಳ್ತದ, ರೂಫ್ ತಗಡು ತಗ್ಗು ಬೀಳ್ತದ, ಆಮ್ಯಾಲ ಮುಂದಿನ ಗ್ಲಾಸಿನ ಮೂಲ್ಯಾಗ ನೀರು ಇಳಿಯೋಕ ಶುರು ಮಾಡ್ತದ.

ಸಪಾಟ್ ನೆಲದ ಮ್ಯಾಲ ಅಳದ ಗ್ಯಾಪ್ ಖರೇ ಗ್ಯಾಪ್ ಅಲ್ಲ, ಇಷ್ಟು ತಲ್ಯಾಗ ಹೊಕ್ಕರ ಅರ್ಧ ಕೆಲಸ ಆದಂಗ. ಪಿಕಪ್‌ನಾಗ ಕ್ಯಾಬಿನ್ ಬ್ಯಾರೆ, ಸಾಮಾನು ಹಾಕೋ ಹಿಂದಿನ ಬೆಡ್ ಬ್ಯಾರೆ, ಎರಡೂ ಒಂದೇ ಚಾಸಿ ಮ್ಯಾಲ ಕುಂತಿರ್ತಾವ, ಕ್ಯಾಬಿನ್ನಂತೂ ರಬ್ಬರ್ ಬುಶ್ ಮ್ಯಾಲ. ಒಂದು ಗಾಲಿ ತಗ್ಗಿನ್ಯಾಗ ಇಳಿದಾಗ ಚಾಸಿ ತಿರುಚ್ತದ, ಕ್ಯಾಬಿನ್ ಒಂದು ಕಡೆ ವಾಲ್ತದ, ಬೆಡ್ ಇನ್ನೊಂದು ಕಡೆ ವಾಲ್ತದ. ಕ್ಯಾಂಪರ್ ಹಿಡಕೊಂಡದ್ದು ಬೆಡ್ಡಿಗೆ, ಆದ್ರ ಅದರ ಮೂಗು ಇರೋದು ಕ್ಯಾಬಿನ್ ಮ್ಯಾಲ. ಬರೇ ಒಂದು ಡಿಗ್ರಿ ತಿರುಚಿದ್ರೂ ನಡುವಿನಿಂದ 75 ಸೆಂ.ಮೀ. ದೂರ ಇರೋ ಅಂಚಿನಾಗ ಸುಮಾರು 13 ಮಿ.ಮೀ. ಗ್ಯಾಪ್ ಹೋಗ್ತದ, ಲೆಕ್ಕ ಹಾಕಿ ನೋಡ್ರಿ. ಅದರ ಜೋಡಿ ಕ್ಯಾಂಪರ್ ಬೆಡ್ಡಿಗೆ ಕಟ್ಟಿದ ಬೆಲ್ಟ್ ಸಡಿಲಿದ್ರ ಮುಗೀತು, ನೀವು ಬಿಟ್ಟ ಒಂದು ಇಂಚು ಎಲ್ಲಿ ಹೋಯ್ತು ಅಂತ ಗೊತ್ತೇ ಆಗಲ್ಲ.

ಮೊದಲ ನಿಮ್ಮ ಗಾಡಿ ಯಾವ ಜಾತಿದು ನೋಡ್ರಿ

ಈ ಕ್ಯಾಂಪರಿನ ಅಳತಿ ಎಲ್ಲಾ ಅಮೆರಿಕದಿಂದ ಬಂದದ್ದು. ಫೋರ್ ವೀಲ್ ಕ್ಯಾಂಪರ್ಸ್ ಅನ್ನೋ ಕಂಪನಿ 1972ರಿಂದ ಇವನ್ನ ಮಾಡ್ತದ, ಅಲ್ಲಿ ದೊಡ್ಡ ಪಿಕಪ್ಪಿನ ಬೆಡ್‌ನಾಗ ಎರಡು ವೀಲ್ ಆರ್ಚ್ (ಗಾಲಿ ಮ್ಯಾಲಿನ ಉಬ್ಬು) ನಡುವ ಸುಮಾರು 50 ಇಂಚು ಜಾಗ ಇರ್ತದ, ನಾಕು ಅಡಿ ಪ್ಲೈವುಡ್ ಶೀಟ್ ಸೀದಾ ಮಲಗಲಿ ಅಂತ ಆ ಲೆಕ್ಕ. ಬೆಡ್ ಉದ್ದ ಐದೂವರಿ, ಆರೂವರಿ, ಎಂಟು ಅಡಿ. ನಮ್ಮಲ್ಲಿಯ ಟೊಯೋಟಾ ಹೈಲಕ್ಸ್, ಇಸುಜು ವಿ-ಕ್ರಾಸ್ ಪಿಕಪ್ ಅದಕ್ಕಿಂತ ಸಣ್ಣವು, ಡಬಲ್ ಕ್ಯಾಬಿನ್ ಇರೋದ್ರಿಂದ ಬೆಡ್ ಉದ್ದ ಐದಡಿ ಆಸುಪಾಸು, ವೀಲ್ ಆರ್ಚ್ ನಡುವ 1100 ಮಿ.ಮೀ. ಆಸುಪಾಸು, ಅಂದ್ರ 50 ಇಂಚಿನ ಲೆಕ್ಕದ ಡ್ರಾಯಿಂಗ್ ಡೌನ್‌ಲೋಡ್ ಮಾಡಿ ವೆಲ್ಡರ್ ಕೈಯಾಗ ಕೊಟ್ರ ಡಬ್ಬಿ ಕೆಳಗ ಇಳಿಯೋದೇ ಇಲ್ಲ, ಆರ್ಚ್ ಮ್ಯಾಲ ಹತ್ತಿ ಕೂಡ್ತದ. ಕಂಪನಿ ಪುಸ್ತಕದಾಗಿನ ನಂಬರ್ ನಂಬಬ್ಯಾಡ್ರಿ, ಪ್ಲಾಸ್ಟಿಕ್ ಬೆಡ್ ಲೈನರ್ ಹಾಕಿದ್ರ ಎರಡೂ ಕಡೆ ಸೇರಿ ಒಂದು ಸೆಂಟಿಮೀಟರ್ ತಿಂದಿರ್ತದ, ಲೈನರ್ ಇದ್ದಂಗೇ ಟೇಪ್ ಹಿಡಿದು ಅಳೀರಿ.

ಬೊಲೆರೊ ಪಿಕಪ್, ಟಾಟಾ ಯೋಧಾ ಅಂಥವು ಪೂರಾ ಬ್ಯಾರೆ. ಅವಕ್ಕ ಡೆಕ್ (ಸಾಮಾನು ಹಾಕೋ ನೆಲ) ಗಾಲಿ ಮ್ಯಾಲ ಇರೋದ್ರಿಂದ ವೀಲ್ ಆರ್ಚಿನ ಗೋಳೇ ಇಲ್ಲ, ನೆಲ ಸಪಾಟ್, ಉದ್ದನೂ ಜಾಸ್ತಿ. ಡೆಕ್ ಎತ್ತರ ಇದ್ದಷ್ಟು ಡೆಕ್‌ನಿಂದ ಕ್ಯಾಬಿನ್ ರೂಫಿನ ಎತ್ತರ ಕಮ್ಮಿ ಆಗ್ತದ, ಹಂಗಾಗಿ ಮೂಗಿನ ಗ್ಯಾಪ್ ಬಿಡೋದು ಸರಳ. ಆದ್ರ ಒಟ್ಟು ಎತ್ತರ ಏರ್ತದ, ತಲಿ ಭಾರ ಆಗ್ತದ, ತಿರುವಿನ್ಯಾಗ ತೂಗಾಡ್ತದ. ನನ್ನ ಕೇಳಿದ್ರ ನಮ್ಮ ಕಡಿ ಮಂದಿಗೆ ಬೊಲೆರೊ ಮಾದರಿನೇ ಛಲೋ, ಬಾಡಿ ಕಟ್ಟೋ ಮಿಸ್ತ್ರಿಗೋಳಿಗೆ ಅದರ ಅಳತಿ ಬಾಯಿಪಾಠ ಅದ, ಸ್ಪೇರ್ ಎಲ್ಲಾ ಕಡಿ ಸಿಗ್ತದ. ಹೈಲಕ್ಸ್ ಬೇಕೇ ಬೇಕು ಅನ್ನೋರು ಹಣ ಇದ್ದೋರು, ಅವರಿಗೆ ಹೇಳೋಕ ಆಗಲ್ಲ.

ಸಪ್ಪಳ ಯಾವಾಗ ಬರ್ತದ ಅನ್ನೋದೇ ಅರ್ಧ ಉತ್ತರ

ಪಾನಾ ಮುಟ್ಟೋಕಿಂತ ಮೊದಲ ಗಾಡಿಯವರನ್ನ ಇದೊಂದು ಕೇಳ್ರಿ. "ಅಣ್ಣಾ, ಎಲ್ಲಾ ಕಡಿ ಬಡೀತದ ನೋಡ್ರಿ" ಅಂತಾರ, ಎಲ್ಲಾ ಕಡಿ ಬಡಿಯಲ್ಲ, ಬಿಡಿಸಿ ಕೇಳ್ರಿ.

ಬ್ರೇಕ್ ಒತ್ತಿದಾಗ ಒಂದೇ ಸಲ ಢಬ್ ಅಂತದ, ಆಮ್ಯಾಲ ಮತ್ತ ಗೇರ್ ಹಾಕಿ ಎಳದಾಗ ಹಿಂದಿಂದ ಇನ್ನೊಂದು ಢಬ್ ಅಂದ್ರ ಡಬ್ಬಿ ಬೆಡ್‌ನಾಗ ಹಿಂದ ಮುಂದ ಜಾರ್ತದ ಅಂತ ಅರ್ಥ. ಬೆಡ್ ನೆಲದಾಗ ರಬ್ಬರ್ ಮ್ಯಾಟ್ ಇದ್ದಿರಲ್ಲ, ಇಲ್ಲಾ ಪ್ಲಾಸ್ಟಿಕ್ ಲೈನರ್ ಮ್ಯಾಲ ಸೀದಾ ಕೂಡಿಸಿರ್ತಾರ, ಅದು ಎಣ್ಣಿ ಹಚ್ಚಿದಂಗ ಜಾರ್ತದ. ದಪ್ಪನ ರಬ್ಬರ್ ಮ್ಯಾಟ್ ಹಾಕ್ರಿ, ಬೆಡ್ಡಿನ ಮುಂದಿನ ಗ್ವಾಡಿಗೂ ಡಬ್ಬಿಗೂ ನಡುವ ಜಾಗ ಉಳಿದಿದ್ರ ಅಳತಿ ನೋಡಿ ಕಟ್ಟಿಗಿ ಆನಿ ಕೊಡ್ರಿ. ಮುಂದ ಜಾರಿದ್ರ ಮೂಗಿನ ಗ್ಯಾಪ್ ಅಷ್ಟೇ ಅಲ್ಲ, ಕ್ಯಾಬಿನ್ ಹಿಂದಿನ ಗ್ಲಾಸಿಗೂ ಡಬ್ಬಿ ಬಂದು ಬಡೀತದ ಅನ್ನೋದು ನೆನಪಿಡ್ರಿ.

ಸ್ಪೀಡ್ ಬ್ರೇಕರ್ ಮ್ಯಾಲ, ಅದೂ ಹಿಂದಿನ ಗಾಲಿ ದಾಟಿದ ಮ್ಯಾಲ ಬಡಿದ್ರ ಹಿಂದಿನ ಬೆಲ್ಟ್ ಸಡಿಲ ಅದ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಾಗ ಬ್ರೇಕರ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು, ಇಳಿಜಾರು ಮೆಲ್ಲಕ ಏರಿ ಮೆಲ್ಲಕ ಇಳೀಬೇಕು. ನಮ್ಮ ಊರಾಗ ಅಂಥದ್ದು ಯಾರು ಕಟ್ಟ್ಯಾರ, ಎಲ್ಲಾ ದಂಡಿ ಕಡದಂಗ ಇರ್ತಾವ, ಹಿಂದಿನ ಗಾಲಿ ಇಳೀತು ಅಂದ್ರ ಡಬ್ಬಿಯ ಹಿಂಬದಿ ಜಿಗಿದು ಏಳ್ತದ, ಬೆಲ್ಟ್ ಹಿಡೀಲಿಲ್ಲಾ ಅಂದ್ರ ಡಬ್ಬಿ ತನ್ನ ಮುಂದಿನ ಕೆಳಗಿನ ಅಂಚಿನ ಮ್ಯಾಲ ತಕ್ಕಡಿ ಕಟ್ಟಿಗಿ ಹಂಗ ವಾಲ್ತದ, ಮೂಗು ಬೆಡ್ಡಿನಷ್ಟೇ ಉದ್ದಿದ್ರ ಹಿಂದ 10 ಮಿ.ಮೀ. ಎದ್ರ ಮೂಗಿನ ತುದಿ 10 ಮಿ.ಮೀ. ಇಳೀತದ, ಮೂಗು ಸಣ್ಣದಿದ್ರ ಕಮ್ಮಿ, ಉದ್ದಿದ್ರ ಇನ್ನೂ ಜಾಸ್ತಿ. ಇದಕ್ಕ ಕ್ಯಾಬಿನ್ ಕಡೆ ನೋಡಿ ಏನೂ ಉಪಯೋಗಿಲ್ಲ, ಹಿಂದ ಹೋಗಿ ಟರ್ನ್ ಬಕಲ್ (ತಿರುಗಿಸಿ ಬಿಗಿಯೋ ಕೊಂಡಿ) ನೋಡ್ರಿ.

ತಗ್ಗಿನ್ಯಾಗ, ಹೊಲದ ದಾರ್ಯಾಗ, ಅಥವಾ ಪೆಟ್ರೋಲ್ ಬಂಕಿಗೆ ಓರಿಯಾಗಿ ಹತ್ತಿದಾಗ ಮಾತ್ರ ಬಡಿತದ, ಅದೂ ಒಂದೇ ಮೂಲಿ ಬಡೀತದ ಅಂದ್ರ ಚಾಸಿ ತಿರುಚೋ ಕೇಸ್. ಇಲ್ಲಿ ಬೆಲ್ಟ್ ಎಷ್ಟು ಬಿಗಿದ್ರೂ ಹೋಗಲ್ಲ, ಗ್ಯಾಪೇ ಕಮ್ಮಿ ಅದ. ಬೆಲ್ಟ್ ಇನ್ನಾ ಬಿಗಿ, ಇನ್ನಾ ಬಿಗಿ ಅಂತ ಹೋದ್ರ ಬೆಡ್ಡಿನ ಕೊಂಡಿ ಕಿತ್ತು ಕೈಯಾಗ ಬರ್ತದ.

ತಿರುವಿನ್ಯಾಗ ಸೈಡಿಂದ ಕರ್ ಕರ್ ಅಂತ ಉಜ್ಜೋ ಸಪ್ಪಳ ಬಂದ್ರ ಅದು ಮೂಗು ಅಲ್ಲ, ಡಬ್ಬಿಯ ರೆಕ್ಕಿ ಬೆಡ್ಡಿನ ಸೈಡ್ ಅಂಚಿಗೆ ತಾಗ್ತದ, ಇಲ್ಲಾ ಕೆಳಗ ವೀಲ್ ಆರ್ಚಿಗೆ ಉಜ್ಜತದ. ಅದರ ಮಾತು ಮುಂದ ಅದ.

ಗ್ಯಾಪ್ ಅಳಿಯೋದು, ಗಾಡಿ ತಿರುಚಿ ಅಳಿಯೋದು

ಗಾಡಿ ಸಪಾಟ್ ಜಾಗದಾಗ ನಿಲ್ಲಿಸ್ರಿ, ಫರ್ಶಿ ಹಾಸಿದ ಗೋಡೌನ್ ಅಂಗಳ ಸಿಕ್ರ ಛಲೋ, ಇಲ್ಲಾಂದ್ರ ಗೌಂಡಿಗೋಳ ನೀರಿನ ಪೈಪಿನಿಂದ ನಾಕು ಗಾಲಿ ಕೆಳಗಿನ ನೆಲ ನೋಡಿಕೊಳ್ರಿ. ಟೈರ್ ಗಾಳಿ ನಾಕೂ ಬರೋಬ್ಬರಿ ಇರಬೇಕು. ನೀರಿನ ಟ್ಯಾಂಕ್ ತುಂಬ್ರಿ, ಸಿಲಿಂಡರ್ ಇಡ್ರಿ, ಹಾಸಿಗಿ ಪಾತ್ರಿ ಎಲ್ಲಾ ಇಟ್ಟು ಅಳೀರಿ. ಖಾಲಿ ಡಬ್ಬಿ ಅಳದವರು ಆಮ್ಯಾಲ ಗೋಳಾಡ್ತಾರ. ಲೀಟರ್ ನೀರು ಅಂದ್ರ ಕೆ.ಜಿ. ಭಾರ, ಮನಿ ಸಿಲಿಂಡರ್ ಗ್ಯಾಸೇ 14.2 ಕೆ.ಜಿ., ಕಬ್ಬಿಣ ಸೇರಿ 30ರ ಹತ್ತಿರ ಬರ್ತದ.

ಮೂಗು ಮತ್ತ ಕ್ಯಾಬಿನ್ ನಡುವ ನಾಕು ಮೂಲಿ ಅಳೀರಿ, ಮುಂದ ಎಡ ಬಲ, ಹಿಂದ ಎಡ ಬಲ, ಚಾಕ್‌ಪೀಸಿನಿಂದ ಕ್ಯಾಬಿನ್ ಮ್ಯಾಲೇ ಬರೀರಿ. ಈಗ ಬಲಗಡಿ ಮುಂದಿನ ಗಾಲಿ ಮತ್ತ ಎಡಗಡಿ ಹಿಂದಿನ ಗಾಲಿ ಎರಡನ್ನೂ ದಪ್ಪ ಕಟ್ಟಿಗಿ ಹಲಗಿ ಮ್ಯಾಲ ಹತ್ತಿಸ್ರಿ, ಮತ್ತ ನಾಕು ಮೂಲಿ ಅಳೀರಿ, ಆಮ್ಯಾಲ ಉಲ್ಟಾ ಜೋಡಿ ಹತ್ತಿಸಿ ಅಳೀರಿ. ಶಹಾಬಾದ್ ಕಲ್ಲು ಗಾಲಿ ಕೆಳಗ ಇಡೋರು ಇರ್ತಾರ, ಬ್ಯಾಡ್ರಿ, ಆ ಕಲ್ಲು ಹಾಸೋಕ ಭೇಷ್, ಗಾಲಿ ಹತ್ತಿದ್ರ ಪಟ್ ಅಂತ ಒಡೀತದ. ಹ್ಯಾಂಡ್ ಬ್ರೇಕ್ ಹಾಕಿ, ಗೇರಿನ್ಯಾಗ ಇಟ್ಟು, ನೆಲದ ಮ್ಯಾಲಿರೋ ಗಾಲಿಗೆ ಕಟ್ಟಿಗಿ ಅಡ್ಡ ಕೊಟ್ಟ ಮ್ಯಾಲೇ ಟೇಪ್ ಹಿಡೀರಿ, ಗಾಡಿ ಕೆಳಗ ಮಾತ್ರ ಹೋಗಬ್ಯಾಡ್ರಿ.

ಇದರಾಗ ಸಿಕ್ಕದ್ದು ಮೆಲ್ಲಕ ತಿರುಚಿದಾಗಿನ ಗ್ಯಾಪ್. ಓಡುವಾಗ ಎಷ್ಟು ಉಳೀತದ ಅಂತ ನೋಡೋಕ ಗೋಧಿ ಕಣಕ ಸಾಕು. ನಿಂಬಿ ಹಣ್ಣಿನಷ್ಟು ಉಂಡಿ ಮಾಡಿ ಪ್ಲಾಸ್ಟಿಕ್ ಹಾಳ್ಯಾಗ ಸುತ್ತಿ, ಮೂಗಿನ ಕೆಳಗಿನ ನಾಕು ಮೂಲಿಗೆ ಟೇಪ್ ಹಚ್ಚಿ ಅಂಟಿಸ್ರಿ, ಉಂಡಿ ಕ್ಯಾಬಿನ್ ರೂಫಿಗೆ ತಾಗುವಂಗ ಇರಬೇಕು. ಯಾವ ರೋಡಿನ್ಯಾಗ ಸಪ್ಪಳ ಬರ್ತದೋ ಅದೇ ರೋಡಿನ್ಯಾಗ ಮೆಲ್ಲಕ ಹೋಗಿ ಬರ್ರಿ. ತಿರುಗಿ ಬಂದ ಮ್ಯಾಲ ಉಂಡಿ ಎಷ್ಟು ಚಪ್ಪಟಿ ಆಗ್ಯಾದ ಅಂತ ಅಳದ್ರ ಅದೇ ನಿಮ್ಮ ಎಲ್ಲಕಿಂತ ಕಮ್ಮಿ ಗ್ಯಾಪ್. ಬ್ಯಾಸಿಗ್ಯಾಗ ಕಣಕ ಒಣಗಿ ಸೀಳ್ತದ, ಸ್ವಲ್ಪ ಎಣ್ಣಿ ಹೆಚ್ಚಿಗಿ ಹಾಕಿ ಕಲಸ್ರಿ. ಬೀದರ್ ಕಡಿಯವರಿಗೆ ಇದರದ್ದೂ ಗರಜಿಲ್ಲ, ಕೆಂಪು ಧೂಳು ಎಲ್ಲಾ ಕಡಿ ಕುಂತಿರ್ತದ, ತಾಗಿದ ಜಾಗ ಅಷ್ಟೇ ಒರೆಸಿದಂಗ ಮಿಂಚ್ತದ, ಗಾಡಿ ತೊಳಿಯೋಕಿಂತ ಮೊದಲ ನೋಡ್ರಿ.

ಮೂಗಿನ ಗ್ಯಾಪ್ ಎಷ್ಟು ಬೇಕು ಅಂದ್ರ ಸಪಾಟ್ ನಿಂತಾಗ 2ರಿಂದ 4 ಇಂಚು. ಡಾಂಬರ್ ರೋಡಷ್ಟೇ ಅಂದ್ರ 2 ನಡೀತದ, ಚಿಂಚೋಳಿ ಕಾಡಿನ ಕಡಿ, ಚಂದ್ರಂಪಳ್ಳಿ ಡ್ಯಾಮ್ ಕಡಿ ಹೋಗೋರು 3ಕ್ಕಿಂತ ಕಮ್ಮಿ ಬಿಡಬ್ಯಾಡ್ರಿ. ನಾಕಕ್ಕಿಂತ ಜಾಸ್ತಿ ಬಿಟ್ರ ಗಾಳಿ ಹೊಕ್ಕು ಗುಂಯ್ ಅಂತದ, ಡೀಸೆಲ್ಲೂ ಕುಡೀತದ. ಕಮ್ಮಿ ಇದ್ರ ಡಬ್ಬಿ ಕೆಳಗ ಪೂರಾ ಬೆಡ್ ಅಗಲಕ್ಕ ಪ್ಲೈವುಡ್ ಇಲ್ಲಾ ಗಟ್ಟಿ ಫೋಮ್ ಶೀಟ್ ಹಾಕಿ ಎತ್ತಬೇಕು. ಮುಂದ ಅಷ್ಟೇ ಎರಡು ಪಟ್ಟಿ ಕೊಟ್ಟು ಮೂಗು ಎತ್ತೋದು ಬ್ಯಾಡ, ಹಂಗ ಮಾಡಿದ್ರ ಡಬ್ಬಿ ನೆಲ ನಡುವ ಆಸರಾ ಇಲ್ಲದ ಜೋಲ್ತದ, ಆರು ತಿಂಗಳಿಗೆ ಹಿಂದಿನ ಬಾಗಿಲು ಮುಚ್ಚೋದು ಬಿಡ್ತದ.

ಸೈಡಿನ ಗ್ಯಾಪು, ಬೆಲ್ಟು

ಹೈಲಕ್ಸ್ ಜಾತಿ ಬೆಡ್ಡಿಗೆ ಕ್ಯಾಂಪರ್ ಕೆಳಗಿನ ಡಬ್ಬಿ ಸಣ್ಣದು, ಮ್ಯಾಲ ಎರಡೂ ಕಡೆ ರೆಕ್ಕಿ ಹಂಗ ಅಗಲ ಆಗಿ ಬೆಡ್ ಅಂಚಿನ ಮ್ಯಾಲ ಚಾಚಿರ್ತದ. ಭಾರ ಪೂರಾ ಬೆಡ್ ನೆಲಕ್ಕ ಬೀಳಬೇಕು. ರೆಕ್ಕಿ ಅಂಚಿಗೆ ಕುಂತಿತು ಅಂದ್ರ ಭಾರ ತೆಳ್ಳನ ಸೈಡ್ ತಗಡಿಗೆ ಬಿತ್ತು, ಅದು ಹೊರಗ ಉಬ್ಬತದ, ಹಿಂದಿನ ಡೋರ್ ಲಾಕ್ ಕೂಡಂಗಿಲ್ಲ. ಹಿಂದಿನ ಡೋರ್ ಲಾಕ್ ಒಮ್ಮಿಗೇ ಜಗಳ ತೆಗೀತು ಅಂದ್ರ ಲಾಕಿಗೆ ಎಣ್ಣಿ ಬಿಡೋಕಿಂತ ಮೊದಲ ರೆಕ್ಕಿ ಕೆಳಗ ಬೆರಳು ಹಾಕಿ ನೋಡ್ರಿ. ಅಲ್ಲಿ ಒಂದರಿಂದ ಒಂದೂವರಿ ಇಂಚು ಇರಬೇಕು. ವೀಲ್ ಆರ್ಚಿಗೂ ಡಬ್ಬಿಗೂ ನಡುವ ಎರಡೂ ಕಡೆ ಒಂದಿಂಚು ಸಾಕು, ಎಡಕ್ಕ ಅರ್ಧ ಬಲಕ್ಕ ಒಂದೂವರಿ ಇದ್ರ ಡಬ್ಬಿ ನಡುವ ಕುಂತಿಲ್ಲ, ತೆಗೆದು ಕೂಡಿಸ್ರಿ. ಓಳಂಬಾ ಹಿಡಿದು ಬೆಡ್ಡಿನ ನಡುಗೆರಿ, ಡಬ್ಬಿ ನಡುಗೆರಿ ಎರಡೂ ಗುರ್ತು ಮಾಡಿಟ್ರ ಪ್ರತಿ ಸಲ ಗುದ್ದಾಡೋದು ತಪ್ತದ. ಡಬ್ಬಿ ಎತ್ತೋ ನಾಕು ಜ್ಯಾಕ್ ಕಾಲಿನ ನಡುವಿನ ಅಗಲನೂ ಇದರ ಜೋಡಿ ನೋಡ್ರಿ, ಹೈಲಕ್ಸ್ 1855 ಮಿ.ಮೀ. ಅಗಲ, ರಿವರ್ಸ್ ತಗೊಂಡು ಒಳಗ ಹೋಗುವಾಗ ಎರಡೂ ಕಡೆ ಒಂದು ಅಂಗೈ ಜಾಗರೆ ಇರಲೇಬೇಕು.

ಬೆಲ್ಟಿನ ಮಾತು. ಗೂಡ್ಸ್ ಕಟ್ಟೋ ರಾಚೆಟ್ ಬೆಲ್ಟ್ ಬಿಸಿಲಿಗೆ ಜಗ್ಗತದ, ಕಲಬುರಗಿ ಮೇ ತಿಂಗಳ ಬಿಸಿಲು ಕೇಳಬ್ಯಾಡ್ರಿ, ಮುಂಜಾನಿ ಬಿಗಿದದ್ದು ಮಧ್ಯಾಹ್ನಕ್ಕ ಸಡಿಲ. ಸ್ಪ್ರಿಂಗ್ ಇರೋ ಟರ್ನ್ ಬಕಲ್ ಛಲೋ, ಚಾಸಿ ತಿರುಚಿದಾಗ ಸ್ವಲ್ಪ ಬಿಟ್ಟು ಮತ್ತ ಎಳಕೊಳ್ತದ. ಕೊಂಡಿ ಎಲ್ಲಿಗೆ ಹಾಕೀರಿ ಅನ್ನೋದು ಅದಕಿಂತ ಮುಖ್ಯ. ಬೆಡ್ ಒಳಗಿನ ಕೊಂಡಿ ಸಣ್ಣ ಸಾಮಾನು ಕಟ್ಟೋಕ ಮಾಡಿದ್ದು, ಅದರ ಸುತ್ತ ಪೇಂಟ್ ಸೀಳಿದ್ರ, ತಗಡು ಎದ್ದಿದ್ರ ಅಲ್ಲೇ ಬಿಡ್ರಿ, ಚಾಸಿಗೆ ಬ್ರಾಕೆಟ್ ಬೋಲ್ಟ್ ಮಾಡಿ ಅಲ್ಲಿಂದ ಕಟ್ರಿ. ಚಾಸಿಗೆ ಮನಸಿಗೆ ಬಂದಲ್ಲಿ ವೆಲ್ಡಿಂಗ್ ಹೊಡೀಬ್ಯಾಡ್ರಿ, ಇದ್ದ ಹೋಲ್ ಬಳಸ್ರಿ. ಮಿಸ್ತ್ರಿ "ಕಾಕಾ ನಾ ಅದೀನಿ, ಒಂದು ಟಾಕಿ ಹೊಡೀತೀನಿ ಬಿಡ್ರಿ" ಅಂದ್ರೂ ಒಪ್ಪಬ್ಯಾಡ್ರಿ.

ಎಲ್ಲಾ ಸರಿ ಇದ್ದೂ ಹಿಂಬದಿ ಕುಸೀತದ, ಸ್ಟೇರಿಂಗ್ ಹಗುರ ಅನಸ್ತದ ಅಂದ್ರ ಭಾರ ಹಿಂದಿನ ಆ್ಯಕ್ಸಲ್ ದಾಟಿ ಕುಂತದ. ನೆಹರು ಗಂಜ್ ಕಡಿ ದಾಲ್ ಮಿಲ್ಲಿನವರು ತೂಗೋ ಕಾಟಾ ಇರ್ತಾವಲ್ಲ, ಅಂಥ ಕಾಟಾ ಮ್ಯಾಲ ಬರೇ ಮುಂದಿನ ಗಾಲಿ ನಿಲ್ಲಿಸಿ ತೂಗಸ್ರಿ, ಡಬ್ಬಿ ಇಲ್ಲದ ಒಮ್ಮಿ, ಡಬ್ಬಿ ಹಾಕಿ ಒಮ್ಮಿ. ಮುಂದಿನ ತೂಕ ಕಮ್ಮಿ ಆದ್ರ ಭಾರ ಆ್ಯಕ್ಸಲ್ ಹಿಂದ ಅದ, ಟ್ಯಾಂಕು ಬ್ಯಾಟರಿ ಎಲ್ಲಾ ಮುಂದ ಸರಸ್ರಿ. ಜಾಸ್ತಿ ಆದ್ರ ಎಷ್ಟು ಮುಂದ ಅಂತನೂ ಗೊತ್ತಾಗ್ತದ: ಡಬ್ಬಿ 400 ಕೆ.ಜಿ., ಮುಂದಿನ ತೂಕ 40 ಕೆ.ಜಿ. ಏರಿದ್ರ, ಹೈಲಕ್ಸಿನ 3085 ಮಿ.ಮೀ. ವೀಲ್ ಬೇಸನ್ನ (ಮುಂದಿನ, ಹಿಂದಿನ ಗಾಲಿ ನಡುವಿನ ದೂರ) 40ರಿಂದ ಗುಣಿಸಿ 400ರಿಂದ ಭಾಗಿಸ್ರಿ, 308 ಮಿ.ಮೀ. ಆ್ಯಕ್ಸಲ್ ಮುಂದ ಅದ, ಖುಷಿಯಿಂದ ಓಡಸ್ರಿ. ಕಾಟಾಕ್ಕ ಹೋದಾಗ ಒಟ್ಟು ತೂಕನೂ ತಗೊಂಡು ನಿಮ್ಮ ಗಾಡಿಗೆ ಕಂಪನಿ ಕೊಟ್ಟ ಒಟ್ಟು ಭಾರದ ಮಿತಿ ಜೋಡಿ ಹೋಲಿಸ್ರಿ. ಮಿತಿ ದಾಟಿದ್ರ ಕಮಾನ್ ಪಾಟಾ ಒಂದು ಹೆಚ್ಚಿಗಿ ಹಾಕಿಸಿದ್ರೂ ಮಿತಿ ಏರಲ್ಲ, ಹಿಂಬದಿ ಎತ್ತರ ಅಷ್ಟೇ ಆಗ್ತದ, ಬ್ರೇಕು ಟೈರು ಅವೇ ಇರ್ತಾವ.

ರೂಫ್ ಏಳಲ್ಲ, ಇಲ್ಲಾ ಮುಚ್ಚಲ್ಲ

ಪಾಪ್-ಅಪ್ ಅಂದ ಮ್ಯಾಲ ಈ ಗೋಳು ಇದ್ದದ್ದೇ. ನಾಕು ಲ್ಯಾಚ್ ಒಳಗ ಮೂರು ಬೀಳ್ತಾವ, ಒಂದು ಬೀಳಲ್ಲ ಅಂದ್ರ ಲ್ಯಾಚ್ ಬಗ್ಗಿಸೋಕ ಹೋಗಬ್ಯಾಡ್ರಿ. ಗಾಡಿ ಓರಿ ನಿಂತಿದ್ರ ಡಬ್ಬಿ ಸ್ವಲ್ಪ ತಿರುಚಿರ್ತದ, ರೂಫ್ ಫ್ರೇಮ್ ತಿರುಚಿರಲ್ಲ, ಎರಡೂ ಕೂಡಲ್ಲ. ಡಬ್ಬಿ ಬಾಯಿಯ ಮೂಲಿಯಿಂದ ಮೂಲಿಗೆ ಅಡ್ಡ ಅಳೀರಿ, ಎರಡೂ ಅಳತಿ ಒಂದೇ ಇರಬೇಕು, ಬ್ಯಾರೆ ಬಂದ್ರ ಸಪಾಟ್ ಜಾಗಕ್ಕ ಗಾಡಿ ಸರಿಸಿ ಮತ್ತ ಅಳೀರಿ, ಅಲ್ಲೂ ಬ್ಯಾರೆ ಬಂದ್ರ ಫ್ರೇಮಿನ ವೆಲ್ಡ್ ಬಿಟ್ಟದ. ರೂಫ್ ಅರ್ಧ ಇಳಿದು ಸ್ಪಂಜಿನಂಗ ಹಿಂದ ನೂಕಿದ್ರ ಒಳಗ ಗಾಳಿ ಸಿಕ್ಕಿಬಿದ್ದದ, ಒಂದು ಕಿಟಕಿ ಇಲ್ಲಾ ಬಾಗಿಲು ತೆರೆದು ಇಳಸ್ರಿ. ಅದಾದ ಮ್ಯಾಲೂ ಒಂದು ಬೆರಳು ಉಳಿದ್ರ ರೂಫಿನ ಸುತ್ತ ಇರೋ ಮಡಚೋ ಬಟ್ಟಿ ಅಂಚಿನ್ಯಾಗ ಸಿಕ್ಕದ, ಮತ್ತ ಎತ್ತಿ ಬಟ್ಟಿ ಒಳಗ ಜಗ್ಗಿ ಇಳಸ್ರಿ. ಒತ್ತಿ ಲಾಕ್ ಮಾಡಿದ್ರ ಬಟ್ಟಿ ತೂತು ಬೀಳ್ತದ, ಮಳಿಗಾಲದಾಗ ಗೊತ್ತಾಗ್ತದ.

ಬೀದರಿನ್ಯಾಗ ಚಳಿಗಾಲದ ಮುಂಜಾನಿ ರೂಫ್ ಏಳಲ್ಲ, ಸ್ಟ್ರಟ್ (ರೂಫ್ ಎತ್ತೋ ಗ್ಯಾಸ್ ತುಂಬಿದ ಕಡ್ಡಿ) ಹೋಗ್ಯಾವ ಅಂತ ಹೊಸಾವು ತರೋಕ ಓಡಬ್ಯಾಡ್ರಿ. ಗ್ಯಾಸ್ ಸ್ಟ್ರಟ್ ಒಳಗ ಇರೋದು ಒತ್ತಿ ತುಂಬಿದ ನೈಟ್ರೋಜನ್ ಗ್ಯಾಸ್, ಥಂಡಿಗೆ ಅದರ ಒತ್ತಡ ಇಳೀತದ. 42 ಡಿಗ್ರಿ ಬಿಸಿಲಿನ್ಯಾಗ 100 ಕೆ.ಜಿ. ಎತ್ತೋ ಸ್ಟ್ರಟ್ 12 ಡಿಗ್ರಿ ಚಳಿಯಾಗ 90ರ ಹತ್ತಿರ ಎತ್ತತದ. ಆ ಹತ್ತು ಕೆ.ಜಿ.ಗೆ ರೂಫ್ ಮ್ಯಾಲಿನ ಸೋಲಾರ್ ಪ್ಯಾನೆಲ್ ಸೇರ್ತು ಅಂದ್ರ ಮುಗೀತು. ಮಧ್ಯಾಹ್ನ ಎತ್ತಿ ನೋಡ್ರಿ, ಆಗ ಎದ್ರ ಸ್ಟ್ರಟ್ ಸರಿ ಅವ, ಆಗಲೂ ಏಳಲಿಲ್ಲಾ ಅಂದ್ರ ಸ್ಟ್ರಟ್ ಕಡ್ಡಿ ಮ್ಯಾಲ ಎಣ್ಣಿ ಪಸಿ ಅದ ಏನು ನೋಡ್ರಿ, ಇದ್ರ ಸೀಲ್ ಹೋಗ್ಯಾದ, ಎರಡೂ ಜೋಡಿ ಬದಲಸ್ರಿ.

ಹೊರಗಿನ ಎತ್ತರ, ಹಿಂದಿನ ಉದ್ದ

ಒಟ್ಟು ಎತ್ತರ ಅಳಿಯೋದು ಮಾತ್ರ ಉಲ್ಟಾ: ಟ್ಯಾಂಕ್ ಖಾಲಿ ಮಾಡಿ, ಟೈರ್ ಗಾಳಿ ಪೂರಾ ತುಂಬಿ, ರೂಫ್ ವೆಂಟು ಪ್ಯಾನೆಲ್ಲು ಎಲ್ಲಾ ಸೇರಿಸಿ ಅಳೀರಿ, ಖಾಲಿ ಗಾಡಿನೇ ಎತ್ತರ ನಿಂತಿರ್ತದ. ಆ ನಂಬರ್ ಡ್ರೈವರ್ ಕಣ್ಣಿಗೆ ಬೀಳುವಂಗ ಸನ್ ವೈಸರ್ ಮ್ಯಾಲ ಬರೀರಿ. ಕರೆಂಟ್ ಲೈನ್ ಇರೋ ರೈಲ್ವೆ ಗೇಟಿನ ಹೈಟ್ ಗೇಜ್ 4.67 ಮೀಟರ್, ಅಲ್ಲಿ ಏನೂ ಆಗಲ್ಲ. ಗೋಳು ಬರೋದು ಹಳ್ಳಿ ಕಡಿ ಸಣ್ಣ ಅಂಡರ್ ಪಾಸ್, ಲಾಡ್ಜಿನ ಪಾರ್ಕಿಂಗ್, ಹಳೇ ಕಮಾನಿನ ಬಾಗಿಲು. ಅಂಡರ್ ಪಾಸಿನ ಬೋರ್ಡ್ ನಂಬರ್ ಮ್ಯಾಲ ಪೂರಾ ಭರೋಸಾ ಇಡಬ್ಯಾಡ್ರಿ, ಬೋರ್ಡ್ ಹಾಕಿದ ಮ್ಯಾಲ ಕೆಳಗ ಡಾಂಬರ್ ಪದರು ಮ್ಯಾಲ ಪದರು ಬಿದ್ದಿರ್ತದ, ಎತ್ತರ ಅಷ್ಟು ಕಮ್ಮಿ ಆಗಿರ್ತದ. ಒಳಗ ಇಳಿಜಾರು ಇದ್ರ ಇನ್ನೊಂದು ಲೆಕ್ಕ, ಮುಂದಿನ ಗಾಲಿ ಏರು ಹತ್ತುವಾಗ ಗಾಡಿಯ ನಡುಭಾಗ ಛತ್ತಿಗೆ ಹತ್ತಿರ ಬರ್ತದ, ಒಬ್ಬರು ಇಳಿದು ನೋಡ್ಕೊಂತ ದಾಟಸ್ರಿ. ಕ್ಯಾಂಪ್ ಹಾಕುವಾಗ ರೂಫ್ ಏಳೋಕ ಮ್ಯಾಲ ಎರಡಡಿ ಖಾಲಿ ಬೇಕು, ಬೇವಿನ ಗಿಡದ ಕೆಳಗ ನೆರಳು ಅಂತ ನಿಲ್ಲಿಸಿ ಟೊಂಗಿಗೆ ಬಟ್ಟಿ ಹರಕೊಂಡವರು ಕಮ್ಮಿ ಇಲ್ಲ.

ಡಬ್ಬಿ ಹಿಂದ ಚಾಚಿದ್ರ ಮೆಟ್ಟಿಲು ನೆಲಕ್ಕ ಕೆರೀತದ. ಹಿಂದಿನ ಗಾಲಿಯ ನಡುವಿನಿಂದ ಗಾಡಿ ತುದಿತನ ವೀಲ್ ಬೇಸಿನ 60% ದಾಟಬಾರದು ಅಂತ ರೂಲ್ ಅದ, ಹೈಲಕ್ಸಿಗೆ 1851 ಮಿ.ಮೀ. ಆಗ್ತದ, ಒಟ್ಟು ಅಗಲ 2.6 ಮೀಟರ್ ಒಳಗ ಇರಬೇಕು. ನಂಬರ್ ಪ್ಲೇಟು, ಬ್ರೇಕ್ ಲೈಟು ಡಬ್ಬಿ ಹಿಂದ ಮುಚ್ಚಿದ್ರ ಡಬ್ಬಿ ಮ್ಯಾಲೇ ಬ್ಯಾರೆ ಜೋಡಿ ಹಚ್ಚಿಸ್ರಿ. ಬಿಚ್ಚಿ ಇಳಿಸೋ ಡಬ್ಬಿ ಬಿಟ್ಟು ಚಾಸಿಗೇ ಕಾಯಂ ಕೂಡಿಸೋರು ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ (ಗಾಡಿ ಮಾರ್ಪಾಡು ಮಾಡೋದರ ಬಗ್ಗೆ) ಇರೋದ್ರಿಂದ ಮೊದಲ ಆರ್‌ಟಿಓ ಆಫೀಸಿಗೆ ಹೋಗಿ ಪರ್ಮಿಷನ್ ಕೇಳ್ರಿ, ವೆಲ್ಡಿಂಗ್ ಆದ ಮ್ಯಾಲ ಅಲ್ಲ.